ಕಾಕಾನ ಲೇಸರು, ನನ್ನ ಪೇಟಿ

ನಮ್ಮ ಕಾಕಾ ಹೆದರದೆ ಮಾಡುತ್ತಿದ್ದ ಕೆಲಸ ಒಂದೇ ಒಂದು, ಅದು ಹೆದರುವುದು! ಉಳಿದದ್ದನ್ನೆಲ್ಲ ಅವರು ಹೆದರಿಕೊಂಡೇ ಮಾಡುತ್ತಿದ್ದರು. ಮನೆಗೆ ಬೀಗ ಹಾಕಿದರೆ ಏಳು ಸಲ ಜಗ್ಗಿ ನೋಡುವರು. ಕೇಶ್ವಾಪುರದ ಮೂಲೆಯವರೆಗೆ ಹೋಗಿ, ತಿರುಗಿ ಬಂದು, ಎಂಟನೆಯ ಸಲ ಜಗ್ಗುವರು. ಒಮ್ಮೆ ಹಾಗೆ ಜಗ್ಗಿ ಜಗ್ಗಿ ಕೊಂಡಿಯೇ ಕಿತ್ತು ಕೈಗೆ ಬಂತು. "ನೋಡಿದೇನು? ನಾ ಹೇಳಿದ್ದಿಲ್ಲೇನು, ಈ ಕೊಂಡಿ ಭದ್ರ ಇಲ್ಲಂತ!" ಎಂದು ಗೆದ್ದವರ ಹಾಗೆ ನನ್ನ ಮುಖ ನೋಡಿದರು.

ರೈಲು ಗೇಟು ದಾಟುವುದಂತೂ ಒಂದು ದೊಡ್ಡ ಪ್ರಕರಣ. ಗೇಟು ಹಾರು ಹೊಡೆದಿದ್ದರೂ ಕಾಕಾ ನಿಂತು ಗೇಟಿನವನನ್ನು ಕೇಳುವರು: "ಗಾಡಿ ಯಾವುದೂ ಬರಾಕತ್ತಿಲ್ಲಲ್ಲ?" ಅವನು ಇಲ್ಲವೆಂದರೆ ಮುಗಿಯಬೇಕಲ್ಲ? ಇಲ್ಲ! "ಯಾಕ ಬರಾಕತ್ತಿಲ್ಲ?" ಎಂದು ಹೊಸ ಚಿಂತೆಗೆ ಬೀಳುವರು.

ಇವರು ನನ್ನ ತಂದೆಯ ಕೊನೆಯ ತಮ್ಮ. ನಮ್ಮದು ನವಲಗುಂದದ ಕಡೆ ಹತ್ತಿ ವ್ಯಾಪಾರದ ಮನೆತನ. ಕಾಕಾ ಮಾತ್ರ ಹತ್ತಿ ಬಿಟ್ಟು ನೀರಿಗೆ ಬಿದ್ದರು. ಹುಬ್ಬಳ್ಳಿಯ ಒಂದು ಕಾಲೇಜಿನಲ್ಲಿ, ನೀರಿನ ಹರಿವು ಅಳೆಯುವುದನ್ನು ಇಂಜಿನಿಯರಿಂಗ್ ಹುಡುಗರಿಗೆ ಕಲಿಸುವ ಲ್ಯಾಬು ಅವರ ವಶದಲ್ಲಿತ್ತು. ಅರವತ್ತರ ದಶಕ ಮುಗಿಯುತ್ತ ಬಂದ ಕಾಲ. ಅಣ್ಣನ ಮಗಳಾದ ನಾನು ಬಿ.ಎಸ್ಸಿ. ಓದಲು ಅವರ ಮನೆಯಲ್ಲಿದ್ದೆ. ಓದಿದ್ದು ಸ್ವಲ್ಪ. ಕಾಕಾನ ಜೊತೆ ಹೆದರಿದ್ದೇ ಹೆಚ್ಚು.

ಇಂಥ ಮನುಷ್ಯ ಒಂದು ದಿನ ಮುಂಬಯಿಯಿಂದ ಲೇಸರು ತಂದರು ಎಂದರೆ ನೀವು ನಂಬುತ್ತೀರಾ? ನಾವೂ ನಂಬಿರಲಿಲ್ಲ.

ಲೇಸರ್ ಎಂದರೆ ಆಗಿನ ಜನಕ್ಕೆ ಪತ್ರಿಕೆಯಲ್ಲಿ ಓದಿದ ಗುಮ್ಮ. ಮುಂಬಯಿಯ ಪ್ರಯೋಗಶಾಲೆಯೊಂದರಲ್ಲಿದ್ದ ಹಳೆಯ ಗೆಳೆಯರೊಬ್ಬರು, ಬಳಸಿ ಹಳತಾದ ಒಂದು ಸಣ್ಣ ಲೇಸರ್ ಕೊಳವೆಯನ್ನು ಒಂದೇ ಒಂದು ತಿಂಗಳಿಗೆಂದು ಕಾಕಾನ ಕೈಗೆ ಕೊಟ್ಟಿದ್ದರು. ಕಾಕಾ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ಪುಣೆಯಲ್ಲಿ ಗಾಡಿ ಬದಲಿಸಿ, ಹುಬ್ಬಳ್ಳಿಯವರೆಗೆ ಕಣ್ಣು ಮುಚ್ಚದೆ ಬಂದರು. ಎದುರಿನ ಸೀಟಿನ ಹಿರಿಯರೊಬ್ಬರು ಆ ಬಿಳಿ ಗಂಟನ್ನೂ ಕಾಕಾನ ಬಾಡಿದ ಮುಖವನ್ನೂ ನೋಡಿ ನೋಡಿ ಮರುಗಿ ಕೇಳಿದರಂತೆ:

"ಯಾರು ಹೋದ್ರು ರೀ?"

"ಇನ್ನೂ ಹೋಗಿಲ್ರಿ. ಡಾಕ್ಟರು ಒಂದ ತಿಂಗಳ ಅಂದಾರ."

ಡಾಕ್ಟರು ಎಂದರೆ ಪಿಎಚ್.ಡಿ. ಮಾಡಿದ ಆ ಗೆಳೆಯರು! ಹಿರಿಯರು ಮಿರಜಿನಲ್ಲಿ ಬೇರೆ ಡಬ್ಬಿಗೆ ಹೋದರಂತೆ.

ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಓಣಿಯಲ್ಲೆಲ್ಲ ಹಬ್ಬಿತ್ತು. ಪಕ್ಕದ ಮನೆಯವರು ಕಟ್ಟೆಯ ಮೇಲಿಂದಲೇ ಕೂಗಿದರು: "ಅದು ಕಬ್ಬಿಣ ಕೊಯ್ತೈತಂತಲ್ರಿ?"

"ಇದು ಬೆಣ್ಣಿನೂ ಕೊಯ್ಯಂಗಿಲ್ರಿ" ಎಂದು ಕಾಕಾ ಮೆಲ್ಲಗೆ ಹೇಳಿದರು. ಆಮೇಲೆ ಓಣಿಗೆಲ್ಲ ಕೇಳುವಂತೆ, "ಆದ್ರ ಕಣ್ಣಿಗೆ ನೆಟ್ಟಗ ಬಿದ್ರ ಮುಗೀತು!" ಎಂದರು. ಮರುದಿನದಿಂದ ನಮ್ಮ ಮನೆಗೆ ಹಾಲಿನವಳು ಮುಖ ಆ ಕಡೆ ತಿರುಗಿಸಿಕೊಂಡು ಹಾಲು ಹಾಕತೊಡಗಿದಳು. ಅಳತೆ ಕಡಿಮೆ ಬಿತ್ತೆಂದು ಚಿಗವ್ವ, ಅಂದರೆ ಕಾಕಾನ ಹೆಂಡತಿ, ಲೇಸರಿನ ಮೇಲೆ ಸಿಟ್ಟಾದಳು.

ಇಷ್ಟು ಹೆದರುವ ಮನುಷ್ಯ ಇದನ್ನು ತಂದದ್ದೇಕೆ? ಕಾರಣ ಅವರ ಲ್ಯಾಬಿನಲ್ಲಿದ್ದ ಒಂದು ಹಗ್ಗ. ಉಪಕರಣಗಳು ದುಬಾರಿ, ಹುಡುಗರು ಒಡೆದಾರು ಎಂದು ಯಾವ ಕಾಲದಲ್ಲೋ ಯಾರೋ ಅಡ್ಡ ಹಗ್ಗ ಕಟ್ಟಿದ್ದರು. ಹುಡುಗರು ಹಗ್ಗದ ಈಚೆ ನಿಂತು ನೋಡಬೇಕು. ಅಂಕಿಗಳನ್ನು ಹಿಂದಿನ ವರ್ಷದವರ ಜರ್ನಲ್ಲಿನಿಂದ ಇಳಿಸಿಕೊಳ್ಳಬೇಕು. ಒಂದು ಬೇಸಿಗೆಯಲ್ಲಿ ಲ್ಯಾಬಿಗೆ ನೀರೇ ಬರಲಿಲ್ಲ. ಆದರೂ ಎಲ್ಲ ಹುಡುಗರ ಜರ್ನಲ್ಲಿನಲ್ಲಿ ನೀರು ಹರಿದಿತ್ತು, ಅದೂ ಮೂರು ದಶಾಂಶ ಸ್ಥಾನದವರೆಗೆ! ಅಂದು ಕಾಕಾ ಊಟ ಮಾಡಲಿಲ್ಲ.

"ನೀರು ಮುಟ್ಟಲಾರದ ನೀರಿನ ಇಂಜಿನಿಯರ್ ಆಗ್ತಾರ ಇವ್ರು. ನಾಳೆ ಇವ್ರು ಕಟ್ಟಿದ ಕಾಲುವಿ ಕೆಳಗ ಯಾರು ಇರಬೇಕು?" ಎಂದು ತಾಟಿನ ಮುಂದೆ ಕುಳಿತು ಕೇಳಿದರು.

"ಕಾಲುವಿ ಕಟ್ಟೂದು ಆಮ್ಯಾಲ ನೋಡೂಣು, ಮೊದಲ ರೊಟ್ಟಿ ಮುರೀರಿ" ಎಂದಳು ಚಿಗವ್ವ.

ಹುಡುಗರು ತಮ್ಮ ಕೈಯಿಂದಲೇ ನಡೆಸುವಂಥ, ಕಡಿಮೆ ಖರ್ಚಿನ, ಯಾರ ಕಣ್ಣಿಗೂ ಅಪಾಯವಿಲ್ಲದ, ನೀರಿನ ವೇಗ ಅಳೆಯುವ ಲೇಸರ್ ಯಂತ್ರವನ್ನು ಮಾಡಿ ತೋರಿಸಬೇಕು, ಇದು ಕಾಕಾನ ಹಟ. ಪ್ರಿನ್ಸಿಪಾಲರು ಒಂದು ಷರತ್ತು ಹಾಕಿದ್ದರು. ತಿಂಗಳ ಕೊನೆಗೆ ಆಡಳಿತ ಕಮಿಟಿಯವರು ಬಂದು ನೋಡುತ್ತಾರೆ. ಮೆಚ್ಚಿದರೆ ಹುಡುಗರಿಗೆಂದೇ ಹೊಸ ಕೊಳವೆ ಬರುತ್ತದೆ, ಹಗ್ಗ ಹೋಗುತ್ತದೆ. ಮೆಚ್ಚದಿದ್ದರೆ ಕೊಳವೆ ಮುಂಬಯಿಗೆ ವಾಪಸು, ಹಗ್ಗ ಇದ್ದಲ್ಲೇ ಇರುತ್ತದೆ. ಕಾಕಾನ ಎದೆ ಹೊಡೆದುಕೊಳ್ಳಲು ಇಷ್ಟು ಸಾಕಲ್ಲ!

ಯಂತ್ರದ ವಿದ್ಯೆ ಹೀಗೆ. ಬೆಳಕಿನ ಒಂದು ಎಳೆಯನ್ನು ಗಾಜಿನಿಂದ ಎರಡಾಗಿ ಸೀಳಿ, ಹರಿಯುವ ನೀರಿನೊಳಗೆ ಒಂದೆಡೆ ಕತ್ತರಿಯ ಹಾಗೆ ಕೂಡಿಸಬೇಕು. ನೀರಿನಲ್ಲಿ ತೇಲಿ ಬರುವ ಸಣ್ಣ ಸಣ್ಣ ಕಣಗಳು ಆ ಜಾಗ ದಾಟುವಾಗ ಮಿಣಮಿಣ ಮಿನುಗುತ್ತವೆ. ನೀರು ಜೋರಾಗಿದ್ದರೆ ಮಿನುಗು ಚುರುಕು, ನಿಧಾನವಾದರೆ ಮಂದ. ಮಿನುಗು ಎಣಿಸಿದರೆ ನೀರಿನ ವೇಗ ಸಿಕ್ಕಿತು. ಆದರೆ ಸೆಕೆಂಡಿಗೆ ನೂರಾರು ಸಲ ಮಿನುಗುವುದನ್ನು ಎಣಿಸುವವರು ಯಾರು? ಆ ಯಂತ್ರ ಕೊಳ್ಳಲು ಕಾಲೇಜನ್ನೇ ಮಾರಬೇಕಾಗಿತ್ತು.

ಕಾಕಾ ಸಿನಿಮಾ ಥೇಟರಿಗೆ ಹೋದರು. ಸಿನಿಮಾ ನೋಡುವುದಕ್ಕಲ್ಲ, ಅಲ್ಲಿ ಬೆಂಕಿ ಬಿದ್ದೀತೆಂದು ಅವರಿಗೆ ಮೊದಲಿಂದಲೂ ಭಯ. ಹಳೆಯ ಪ್ರೊಜೆಕ್ಟರಿನಲ್ಲಿ ರೀಲಿನ ಅಂಚಿನ ಗೆರೆಗಳ ಬೆಳಕನ್ನು ಓದಿ ದನಿ ಹೊರಡಿಸುವ ಒಂದು ಫೋಟೋಸೆಲ್ ಇರುತ್ತದೆ. ಕೆಲಸಕ್ಕೆ ಬಾರದೆಂದು ಮೂಲೆಗೆ ಎಸೆದ ಅದನ್ನು ಬೇಡಿ ತಂದರು. ನಮ್ಮ ರೇಡಿಯೋದ ಹೊಟ್ಟೆ ಬಗೆದು ಅದಕ್ಕೆ ಜೋಡಿಸಿದರು. ಈಗ ನೀರಿನ ಮಿನುಗು ದನಿಯಾಗಿ ಕೇಳಬೇಕು.

"ಎಷ್ಟು ಹೀರೋಯಿನ್ನು ಅತ್ತಿರಬೇಕು ಇದರಾಗ! ಇನ್ನ ನಿಮ್ಮ ನೀರಿಗೂ ಅಳಾಕ ಹಚ್ಚತೈತಿ ನೋಡ್ರಿ" ಎಂದಳು ಚಿಗವ್ವ. ರೇಡಿಯೋ ಹೋದ ಸಂಕಟ ಅವಳಿಗೆ.

ದನಿಯೇನೋ ಬಂತು, ಸಣ್ಣಗೆ ಸೀಟಿ ಹೊಡೆದ ಹಾಗೆ. ಅದು ಎಷ್ಟು ಎತ್ತರದ ದನಿ ಎಂದು ಅಳೆಯುವುದು ಹೇಗೆ? ಕಾಕಾ ನನ್ನ ಕಡೆ ತಿರುಗಿದರು. ಆ ನೋಟ ನನಗೆ ಈಗಲೂ ನೆನಪಿದೆ! ನಾನು ಎರಡು ವರ್ಷ ಧಾರವಾಡದ ಒಬ್ಬ ಮಾಸ್ತರರ ಕೈಯಲ್ಲಿ ಸಂಗೀತ ಕಲಿತಿದ್ದೆ. ರಾಗ ಕೈಗೆ ಹತ್ತಲಿಲ್ಲ, ಸ್ವರ ಗುರುತು ಹಿಡಿಯುವುದಷ್ಟು ಬಂದಿತ್ತು. ಮನೆಯ ಅಟ್ಟದಲ್ಲಿ ನನ್ನ ಪೇಟಿ, ಅಂದರೆ ಹಾರ್ಮೋನಿಯಂ, ದೂಳು ತಿನ್ನುತ್ತಿತ್ತು.

"ತಂಗೀ, ನೀರು ಯಾವ ಸ್ವರದಾಗ ಒದರತೈತಿ ನೋಡಿ ಪೇಟಿಯೊಳಗ ಆ ಮನಿ ಒತ್ತು. ಮನಿ ಗೊತ್ತಾದ್ರ ವೇಗ ಗೊತ್ತಾತು!"

ಹೀಗೆ ನಾನು ಹುಬ್ಬಳ್ಳಿಯ ಮೊದಲ ಲೇಸರ್ ಯಂತ್ರದ ಮೀಟರು ಆದೆ. ಪೇಟಿ ಲ್ಯಾಬಿಗೆ ಬಂತು. ಕಾಕಾ ಲೆಕ್ಕ ಹಾಕಿ ಅದರ ಪ್ರತಿ ಮನೆಗೂ, ಅಂದರೆ ಬೆರಳಿಂದ ಒತ್ತುವ ಪ್ರತಿ ಪಟ್ಟಿಗೂ, ಕಾಗದದ ಚೀಟಿ ಅಂಟಿಸಿದರು. ಸಾ ಎಂದರೆ ಇಷ್ಟು ವೇಗ, ರೇ ಎಂದರೆ ಇಷ್ಟು. ಹಿಂದೆ ಪಂಚಮ ತಪ್ಪಿದರೆ ಮಾಸ್ತರರು ಬೈಯುತ್ತಿದ್ದರು, ಅಷ್ಟೇ. ಈಗ ಪಂಚಮ ತಪ್ಪಿದರೆ ಮುಂದೆ ಎಲ್ಲೋ ಕಾಲುವೆ ಒಡೆಯುತ್ತದೆ! ನನಗೆ ಕನಸಿನಲ್ಲಿಯೂ ಸೀಟಿ ಕೇಳಿಸತೊಡಗಿತು.

ಇನ್ನು ಕಣ್ಣಿನ ವಿಷಯ. ಕಾಕಾ ಬೆಳಕಿನ ದಾರಿಯನ್ನೆಲ್ಲ ಕಟ್ಟಿಗೆಯ ಪೆಟ್ಟಿಗೆಯೊಳಗೆ ಮುಚ್ಚಿ ಕರಿ ಬಣ್ಣ ಬಳಿದರು. ಮುಚ್ಚಳ ತೆರೆದ ಕೂಡಲೇ ಕರೆಂಟು ತಾನೇ ಹೋಗುವಂತೆ ಒಂದು ಗುಂಡಿ ಇಟ್ಟರು. ಆ ಮುಚ್ಚಳವನ್ನು ಬೀಗಕ್ಕಿಂತ ಹೆಚ್ಚು ಸಲ ಜಗ್ಗಿ ನೋಡಿದರು. ಲ್ಯಾಬಿನ ಕೋಣೆಯ ಬಾಗಿಲಿಗೆ ಕೊಡೆಯ ಬಟ್ಟೆಯ ಎರಡು ಪದರಿನ ಪರದೆ. ಹೊಲಿದವರು ನಾನು ಮತ್ತು ಚಿಗವ್ವ. ಅಲ್ಲಿಗೂ ಸಮಾಧಾನವಿಲ್ಲ. ಹೊಳೆಯುವ ವಸ್ತು ಯಾವುದೂ ಒಳಗೆ ಬರಕೂಡದು. ನನ್ನ ಬಳೆ ತೆಗೆಸಿದರು. ಚಿಗವ್ವ ಒಂದು ಮಧ್ಯಾಹ್ನ ಬುತ್ತಿ ತಂದಾಗ, "ಮೂಗುಬಟ್ಟು ತಗದು ಬಾ" ಎಂದರು.

"ನಾ ಮುತ್ತೈದಿ ಅದೇನ್ರಿ! ಬೇಕಾದ್ರ ಬುತ್ತಿ ಬರಂಗಿಲ್ಲ!" ಎಂದು ಅವಳು ಬುತ್ತಿಯ ಸಮೇತ ತಿರುಗಿ ನಡೆದಳು. ಆ ದಿನ ಮೀಟರು ಹಸಿದಿತ್ತು.

"ಕಾಕಾ, ಪೆಟ್ಟಿಗಿ ಮುಚ್ಚೇತಲ್ರಿ, ಮತ್ಯಾಕ ಹೆದರಿಕಿ?" ಎಂದು ನಾನು ಕೇಳಿದರೆ ಉತ್ತರ ಸಿದ್ಧ: "ಮುಚ್ಚಿದ್ದು ತೆರಿಯೂದಿಲ್ಲಂತ ಯಾರು ಬರದು ಕೊಟ್ಟಾರ?" ಹೆದರಿಕೆ ಸಾಂಕ್ರಾಮಿಕ ನೋಡಿ. ನಾನೂ ಬೆಳಿಗ್ಗೆ ಎದ್ದ ಕೂಡಲೇ ಒಂದು ಕಣ್ಣು ಮುಚ್ಚಿ ಕ್ಯಾಲೆಂಡರು ಓದುವೆ, ಆಮೇಲೆ ಇನ್ನೊಂದು ಕಣ್ಣು ಮುಚ್ಚಿ ಓದುವೆ. ಎರಡೂ ಕಣ್ಣಿಗೆ ಒಂದೇ ತಾರೀಖು ಕಂಡರೆ ಚಹಾ ಕುಡಿಯುವೆ.

ಪರದೆಯ ಹೊರಗೆ ಕಾವಲಿಗೆ ಫಕೀರಪ್ಪ. ಅವನು ಲ್ಯಾಬಿನ ಹಳೆಯ ಜವಾನ. ಕಾಕಾನಿಗಿಂತ ವಯಸ್ಸಿನಲ್ಲಿ ದೊಡ್ಡವನು, ಬೆಂಗೇರಿಯಿಂದ ನಡೆದು ಬರುವವನು, ನಿವೃತ್ತಿಗೆ ವರ್ಷ ಉಳಿದಿರಲಿಲ್ಲ. ಹೊರಗಿನ ಪಡಸಾಲೆಯಲ್ಲಿದ್ದ ಪೀಪಾಯಿಗೆ ದಿನಾ ನೀರು ತುಂಬುವುದು ಅವನ ಕೆಲಸ. ಅಲ್ಲಿಂದ ನೀರು ಪೈಪಿನ ಮೂಲಕ ಒಳಗಿನ ಗಾಜಿನ ಕಾಲುವೆಗೆ ಬರುತ್ತಿತ್ತು. "ಯಾರನ್ನೂ ಒಳಗ ಬಿಡಬ್ಯಾಡ, ನೀನೂ ಬರಬ್ಯಾಡ" ಎಂದು ಕಾಕಾ ಮೊದಲ ದಿನವೇ ಕಟ್ಟಪ್ಪಣೆ ಮಾಡಿದ್ದರು. ಫಕೀರಪ್ಪ ಒಂದು ತಿಂಗಳಲ್ಲಿ ಒಮ್ಮೆಯೂ ಪರದೆ ಸರಿಸಲಿಲ್ಲ.

ಆ ದನಿಯೂ ಸುಲಭಕ್ಕೆ ಬಂದದ್ದಲ್ಲ, ಮೊದಲ ವಾರ ನೀರು ಮಾತನಾಡಿಯೇ ಇರಲಿಲ್ಲ. ನೀರು ತೀರ ಶುದ್ಧವಾಗಿದ್ದರೆ ಮಿನುಗಲು ಅದರಲ್ಲಿ ಏನಿರುತ್ತದೆ? ಹೊಲಸು ಹೆಚ್ಚಾದರೆ ಬೆಳಕೇ ದಾಟುವುದಿಲ್ಲ. ಮಣ್ಣು, ಸೀಮೆಸುಣ್ಣ, ಗೋದಿ ಹಿಟ್ಟು ಎಲ್ಲ ಹಾಕಿ ನೋಡಿದ ಮೇಲೆ ಕಾಕಾನಿಗೆ ಹಾಲು ಹೊಳೆಯಿತು. ಪೀಪಾಯಿಗೆ ಕೆಲವೇ ಹನಿ ಹಾಲು ಹಾಕಿ ಕಲಕಿದರೆ ಸಾಕು, ನೀರು ಚೊಕ್ಕ ಸ್ವರದಲ್ಲಿ ಹಾಡತೊಡಗಿತು. ಅಂದಿನಿಂದ ದಿನಾ ಮುಂಜಾನೆ ಕಾಕಾ ಅಡಿಗೆಮನೆಯಿಂದ ಹಾಲು ಕದ್ದು ಔಷಧದ ಬಾಟಲಿಯಲ್ಲಿ ಹಾಕಿಕೊಂಡು ಹೋಗಿ, ಫಕೀರಪ್ಪ ನೀರು ತುಂಬಿ ಚಹಾಕ್ಕೆ ಹೋದಾಗ ಬೆರೆಸುವರು. ಚಿಗವ್ವ ಬೆಕ್ಕಿಗೆ ಬೈಯುವಳು. ಹೊಡೆತವೂ ಬೆಕ್ಕಿಗೇ. ಕಾಕಾ ತಪ್ಪಿತಸ್ಥರ ಮುಖ ಮಾಡಿಕೊಂಡು ಬೆಕ್ಕಿನ ತಲೆ ಸವರಿ ಹೋಗುವರು.

ಕಮಿಟಿ ಬರುವ ದಿನ ಬಂದೇಬಿಟ್ಟಿತು. ಕಾಕಾ ಮುಂಜಾನೆ ಏಳಕ್ಕೇ ಹೋಗಿ, ಹಿಂದಿನ ಸಂಜೆಯೇ ತುಂಬಿಸಿಟ್ಟಿದ್ದ ಪೀಪಾಯಿಗೆ ಹಾಲು ಬೆರೆಸಿಟ್ಟರು. ದೊಡ್ಡವರ ಎದುರು ಔಷಧದ ಬಾಟಲಿ ತೆಗೆಯಲು ಅವರಿಗೆ ಸಂಕೋಚ. ಮೂರು ಗಂಟೆಗೆ ಅಧ್ಯಕ್ಷರಾದ ಹತ್ತಿಯ ಸಾವಕಾರರು, ಒಬ್ಬರು ನಿವೃತ್ತ ಇಂಜಿನಿಯರು, ಅವರ ಹಿಂದೆ ಪ್ರಿನ್ಸಿಪಾಲರು ಬಂದರು. ಸಾವಕಾರರ ಕೈತುಂಬ ಉಂಗುರ. ಎದೆಯ ಮೇಲೆ ಲಿಂಗವಿಟ್ಟುಕೊಳ್ಳುವ ಬೆಳ್ಳಿಯ ಕರಡಿಗೆ, ಕನ್ನಡಿಯ ಹಾಗೆ ಫಳಫಳ! ಕಾಕಾ ಮುಂದೆ ಬಂದು ಕೈಮುಗಿದರು.

"ಸಾವಕಾರ್ರ, ಉಂಗುರ ತೆಗೀರಿ ದಯಮಾಡಿ. ಕರಡಿಗಿ... ತೆಗೀರಿ ಅನ್ನಾಕ ಬರಂಗಿಲ್ಲ. ಅಂಗಿ ಒಳಗರ ಇಟ್ಕೋರಿ."

ಸಾವಕಾರರು ಒಂದು ಗಳಿಗೆ ಕಾಕಾನನ್ನೇ ನೋಡಿ ನಕ್ಕುಬಿಟ್ಟರು. "ಖರೇ ಅದ ಬಿಡ್ರಿ. ಲಿಂಗ ಮಂದಿಗೆ ಕಾಣೂದಕ್ಕಿಂತ ಒಳಗಿರೂದ ಛಲೋ." ಕಾಕಾ ಅಷ್ಟಕ್ಕೇ ನಿಂತರೇ? ನಿವೃತ್ತ ಇಂಜಿನಿಯರರ ತಲೆಯ ಮೇಲೆ ಅವರ ಕಣ್ಣು ಬಿತ್ತು. ಅಲ್ಲಿ ಒಂದು ಕೂದಲೂ ಇರಲಿಲ್ಲ. ಕಾಕಾ ತಮ್ಮ ಟೊಪ್ಪಿಗೆ ತೆಗೆದು ಎರಡೂ ಕೈಯಿಂದ ಅವರಿಗೆ ಒಪ್ಪಿಸಿದರು. ಅವರು ಅದು ಸನ್ಮಾನವೆಂದು ತಿಳಿದು ಹಾಕಿಕೊಂಡರು.

ಪರದೆ ಎಳೆದರು. ದೀಪ ಆರಿತು. ಕಾಕಾ ನಳ ತಿರುವಿದರು. ನಾನು ಪೇಟಿಗೆ ಗಾಳಿ ತುಂಬಿ, ಬೆರಳು ಮೇಲಕ್ಕೆತ್ತಿ ಕಾದೆ. ನೀರು ಹರಿಯಿತು. ದನಿ ಇಲ್ಲ. ರೇಡಿಯೋ ಗುಂಯ್ ಎನ್ನುತ್ತಿತ್ತೇ ಹೊರತು ಸ್ವರವಿಲ್ಲ! ಕಾಕಾ ನಳ ಇನ್ನಷ್ಟು ತಿರುವಿದರು. ಇಲ್ಲ. ಮುಚ್ಚಳ ಜಗ್ಗಿದರು. ಇಲ್ಲ. ಸಾವಕಾರರು ಕೆಮ್ಮಿದರು. ಒಂದು ತಿಂಗಳ ಹೆದರಿಕೆಯೆಲ್ಲ ಒಟ್ಟಾಗಿ ಬಂದು ನನ್ನ ಬೆರಳ ತುದಿಯಲ್ಲಿ ಕುಳಿತಿತ್ತು. ಏನಾಯಿತೋ ಗೊತ್ತಿಲ್ಲ, ಬೆರಳು ಪಂಚಮದ ಮೇಲೆ ಬಿತ್ತು.

"ಆಹಾ! ಮಾತಾಡ್ತು ನೋಡ್ರಿ ನೀರು!" ಎಂದರು ಸಾವಕಾರರು ಕತ್ತಲಲ್ಲಿ.

"ಭಾಳ ಸ್ಪಷ್ಟ ಐತಿ" ಎಂದರು ಟೊಪ್ಪಿಗೆಯ ಇಂಜಿನಿಯರು.

ಬೆರಳು ತೆಗೆಯಲು ನನಗೆ ಧೈರ್ಯವಿಲ್ಲ. ಒತ್ತಿಕೊಂಡೇ ಇರಲು ನಾಚಿಕೆ. ಕಾಕಾ ಸುಮ್ಮನಿದ್ದರೆ ಸಾಕಿತ್ತು. ಒಂದೇ ನಿಮಿಷ ಸುಮ್ಮನಿದ್ದಿದ್ದರೆ ಹೊಸ ಕೊಳವೆ ಬರುತ್ತಿತ್ತು, ಹಗ್ಗ ಹೋಗುತ್ತಿತ್ತು! ಸುಮ್ಮನಿರಿ ಕಾಕಾ, ನಿಮ್ಮ ಕಾಲಿಗೆ ಬೀಳುತ್ತೇನೆ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ದೀಪ ಹತ್ತಿತು. ಹಚ್ಚಿದವರು ಕಾಕಾನೇ.

"ಅದು ನೀರಲ್ರಿ. ನಮ್ಮ ಹುಡುಗಿ ಪೇಟಿ ಒತ್ತಿದ್ಲು. ನೀರು ಸುಮ್ನ ಐತಿ. ಯಾಕಂತ ನನಗ ತಿಳೀವಲ್ದು."

ರೈಲು ಗೇಟು ದಾಟಲು ನಡುಗುವ ಮನುಷ್ಯನ ದನಿ ಅಲ್ಲಿ ಒಂದಿಷ್ಟೂ ನಡುಗಲಿಲ್ಲ. ನಡುಗಿದವಳು ನಾನು.

"ಮುಂದಿನ ವರ್ಷ ನೋಡೂಣಂತ" ಎಂದರು ಸಾವಕಾರರು, ಉಂಗುರ ಹಾಕಿಕೊಳ್ಳುತ್ತ. ಇಂಜಿನಿಯರರು ಟೊಪ್ಪಿಗೆ ವಾಪಸು ಕೊಟ್ಟರು. ಪ್ರಿನ್ಸಿಪಾಲರು ಅವರ ಹಿಂದೆ ಹೋದರು. ನಾನು ಪೇಟಿಯ ಮೇಲೆ ತಲೆಯಿಟ್ಟು ಅಳುತ್ತಿದ್ದೆ. ಕಾಕಾ ಬೈಯಲಿಲ್ಲ, ಅದರಿಂದ ಅಳು ಇನ್ನೂ ಹೆಚ್ಚಾಯಿತು.

ಆಗ ಪರದೆಯ ಆಚೆಯಿಂದ ಫಕೀರಪ್ಪನ ಉತ್ಸಾಹದ ದನಿ ಕೇಳಿತು: "ಪಾಸಾತೇನ್ರಿ ಸಾಹೇಬ್ರ? ನೀರು ಹೆಂಗಿದ್ವು ಇವತ್ತ?"

ಕಾಕಾ ಪರದೆ ಸರಿಸಿದರು. "ನೀರಿಗೆ ಏನು ಮಾಡಿದಿ ಫಕೀರಪ್ಪ?"

"ಮುಂಜಾನೆ ನೋಡಿದ್ರ ಪೀಪಾಯಿ ನೀರು ತುಸು ಬೆಳ್ಳಗ ರಾಡಿ ಆಗಿದ್ವು ರೀ. ದೊಡ್ಡ ದೊಡ್ಡ ಮಂದಿ ಬರೂ ದಿನ ಇಂಥಾ ನೀರು ಇಡೂದು ಹೆಂಗಂತ ಎಲ್ಲಾ ಚೆಲ್ಲಿಬಿಟ್ಟೆ. ಬೆಂಗೇರಿ ಬಾವಿಯಿಂದ ಸಿಹಿನೀರು ಹೊತ್ತು ತಂದು, ಹೊಸ ಧೋತರ ನಾಕ ಮಡಿಕಿ ಮಾಡಿ ಮೂರ ಸಲ ಸೋಸಿ ತುಂಬೇನಿ. ಪೂಜಿಗೆ ಸೋಸತೀವಲ್ರಿ, ಹಂಗ. ಒಂದ ಕಸರ ಇರಬೇಕಲ್ಲ ಅದರಾಗ!"

ಅವನ ಹೆಗಲಿನ ಅಂಗಿ ಇನ್ನೂ ಒದ್ದೆಯಾಗಿತ್ತು. ಎಷ್ಟು ಸಲ ಹೋಗಿ ಬಂದಿದ್ದನೋ! ಕಾಕಾನ ಮುಖ ಕೆಂಪಾಯಿತು. ಇನ್ನು ಸಿಡಿಯುತ್ತಾರೆ ಎಂದು ನಾನು ಕಣ್ಣು ಮುಚ್ಚಿದೆ.

"ಅದು ರಾಡಿ ಅಲ್ಲೋ, ಹಾಲು. ನಾನ ಹಾಕಿದ್ದು. ಹಾಲು ಇಲ್ಲದ ನೀರು ದನಿ ಮಾಡಂಗಿಲ್ಲ. ಮೂರ ವಾರದಿಂದ ದಿನಾ ಒದರಿದ್ದು ಕೇಳೀದಿಲ್ಲ ನೀ?"

"ಅದು ನೀರೇನ್ರಿ?" ಫಕೀರಪ್ಪ ಬೆರಗಾಗಿ ನನ್ನ ಕಡೆ ನೋಡಿದ. "ಅಕ್ಕಾರು ಹಾಡು ಕಲಿಯಾಕತ್ತಾರ ಅನ್ಕೊಂಡಿದ್ನಿರಿ ನಾ. ನನಗ ಯಾರು ಹೇಳಬೇಕ್ರಿ? ನಾ ಹೊರಗ ಇದ್ನಲ್ರಿ." ಮಾತು ಮುಗಿಯುವಷ್ಟರಲ್ಲಿ ತಾನು ಮಾಡಿದ್ದೇನೆಂದು ಅವನಿಗೆ ಹೊಳೆಯಿತು. "ನನ್ನಿಂದ ಹಾಳಾತೇನ್ರಿ, ಯಪ್ಪಾ?"

ಕಾಕಾ ಅಲ್ಲೇ ಕುಸಿದು ಕುಳಿತರು. "ನಿನ್ನಿಂದ ಅಲ್ಲ. ದಿನಾ ನೀರು ತುಂಬಿದಾವ ನೀ. ಒಂದ ದಿನಾನೂ ನಿನಗ ತೋರಿಸಲಿಲ್ಲ ನಾ" ಎಂದರು. ಆಮೇಲೆ ಎದ್ದು ಅವನ ಕೈ ಹಿಡಿದು, "ಬರ್ರಿ ಒಳಗ" ಎಂದರು.

ಕ್ಯಾಂಟೀನಿನಿಂದ ಹಾಲು ತರಿಸಿದೆವು. ಅದನ್ನು ಪೀಪಾಯಿಗೆ ಹನಿ ಹನಿಯಾಗಿ ಹಾಕಿದವನು ಫಕೀರಪ್ಪ. ಅವನ ಕೈಯಿಂದಲೇ ಕಾಕಾ ನಳ ತಿರುವಿಸಿದರು. ಸ್ವರ ಮೆಲ್ಲಗೆ ಎದ್ದು, ನೀರು ಹೆಚ್ಚಿದಂತೆ ಮೇಲೇರಿತು. ಫಕೀರಪ್ಪ ನಳ ತಗ್ಗಿಸಿ ನೋಡಿದ, ಏರಿಸಿ ನೋಡಿದ, ಮತ್ತೆ ತಗ್ಗಿಸಿದ. "ಇಷ್ಟ ದಿನ ನೀರು ಹೊತ್ತೆ, ನೀರಿಗೆ ದನಿ ಐತಂತ ಗೊತ್ತಿರಲಿಲ್ರಿ" ಎಂದು ಕಣ್ಣೊರೆಸಿಕೊಂಡ.

ಮರುದಿನ ಮುಂಜಾನೆಯ ಗಾಡಿಗೆ ಕೊಳವೆ ಮುಂಬಯಿಗೆ ಹೋಗಬೇಕಿತ್ತು. ಕಾಕಾ ಕೂಡಲೇ ಹಾಸ್ಟೆಲಿಗೆ ಹೇಳಿ ಕಳಿಸಿದರು. ಹುಡುಗರು ನಾಲ್ಕು ನಾಲ್ಕು ಮಂದಿಯಾಗಿ ಬಂದರು. "ಮೊದಲ ಹಾಲು ಹಾಕ್ರೆಪಾ, ಹನಿ ಹನಿ. ಮುಚ್ಚಳ ಮುಟ್ಟೀರಿ ಜ್ವಾಕಿ! ಈಗ ನೀನ ನಳ ತಿರುವು, ಹೆದರಬ್ಯಾಡ" ಎಂದು ಫಕೀರಪ್ಪ ಅವರಿಗೆ ಪಾಠ ಮಾಡುತ್ತಿದ್ದ. ಪ್ರತಿ ಹುಡುಗನೂ ತನ್ನ ಕೈಯಿಂದ ನೀರು ಹರಿಸಿ, ತನ್ನ ಕಿವಿಯಿಂದ ಕೇಳಿ, ತನ್ನದೇ ಅಂಕಿ ಬರೆದುಕೊಂಡ. ಪೇಟಿ ಒತ್ತಿ ಒತ್ತಿ ನನ್ನ ರಟ್ಟೆಗಳು ಸೋತವು, ಆದರೂ ಬೆರಳು ಒಮ್ಮೆಯೂ ಸುಳ್ಳು ಹೇಳಲಿಲ್ಲ.

ನಡುವೆ ಒಂದು ಗುಟುಕು ನೀರು ಕುಡಿಯಲು ಹೊರಗೆ ಬಂದೆ. ಸಂಜೆಯಾಗಿತ್ತು. ಪರದೆಯ ಹೊರಗೆ ಕಾಕಾ ಒಬ್ಬರೇ ಕಾವಲು ನಿಂತಿದ್ದರು. ಒಳಗೆ ಅಷ್ಟು ಹುಡುಗರು ಲೇಸರಿನ ಹತ್ತಿರವಿದ್ದರೂ ಅವರು ಪರದೆ ಸರಿಸಿ ನೋಡಿರಲಿಲ್ಲ.

"ಕಾಕಾ, ಒಳಗ ಬರ್ರಿ. ನಿಮಗ ಹೆದರಿಕಿ ಆಗವಲ್ದೇನು?"

"ಆಗಾಕತ್ತೈತಿ ತಂಗಿ, ಭಾಳ ಆಗಾಕತ್ತೈತಿ" ಎಂದರು ಕಾಕಾ. "ಆದ್ರ ಒಳಗ ಫಕೀರಪ್ಪನವರು ಅದಾರಲ್ಲ."